ಮನೆಯಲ್ಲೇ ಹೀರೊ ಇದ್ದರೆ ಸಾಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಪಾರ್ವತಮ್ಮ ರಾಜ್‌ಕುಮಾರ್ ಅವರನ್ನು ದೊಡ್ಡ ನಿರ್ಮಾಪಕಿ ಎಂದು ಹೊಗಳಿದ್ದೀರಿ. ಅಣ್ಣಾವ್ರೇ ಮನೆಯಲ್ಲಿದ್ದಾಗ ಯಾರು ತಾನೇ ಗೆಲ್ಲುವುದಿಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಾತಿನಲ್ಲಿ ಒಂದು ಪಾಲು ನಿಜ. ರಾಜ್‌ಕುಮಾರ್ ಹೆಸರು ಕೇಳಿದರೆ ವಿತರಕರು ಮುಂಗಡ ಹಿಡಿದೇ ಬರುತ್ತಿದ್ದರು. 1975ರ ‘ತ್ರಿಮೂರ್ತಿ’ಗೆ ಆ ಬಲ ಇತ್ತು. ಆದರೆ ಹೀರೊ ಒಬ್ಬನಿಂದಲೇ ದುಡ್ಡು ಉಳಿಯುವುದಾದರೆ, ಮಹಾನಟಿ ಸಾವಿತ್ರಿ ಶಿವಾಜಿ ಗಣೇಶನ್ ಅವರನ್ನೇ ಹಾಕಿಕೊಂಡು 1971ರಲ್ಲಿ ‘ಪ್ರಾಪ್ತಂ’ ತೆಗೆದು ಕೈ ಸುಟ್ಟುಕೊಳ್ಳುತ್ತಿರಲಿಲ್ಲ.

ದುಡ್ಡು ಸೋರುವ ಜಾಗಗಳೇ ಬೇರೆ. ಫಿಲ್ಮ್ ಕಾಲದ ಲೆಕ್ಕ ನೋಡಿ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ಶಾಟ್‌ಗೆ ನಾಲ್ಕು ಟೇಕ್ ಹಿಡಿದರೆ 54,000 ಅಡಿ ನೆಗೆಟಿವ್. ಒಬ್ಬರ ಕಾಲ್‌ಶೀಟ್ ತಪ್ಪಿದರೆ ಸೆಟ್ಟಿನ ಬಾಡಿಗೆ ನಿಲ್ಲುವುದಿಲ್ಲ, ಬಡ್ಡಿಯೂ ನಿಲ್ಲುವುದಿಲ್ಲ. ಸಾಲ ಕೊಟ್ಟವನ ಕೈಯಲ್ಲಿ ಲ್ಯಾಬ್ ಲೆಟರ್ ಇರುತ್ತದೆ: ಅವನ ಬಾಕಿ ತೀರುವ ತನಕ ಪ್ರಿಂಟ್ ಹೊರಗೆ ಬಿಡುವುದಿಲ್ಲ ಎಂದು ಲ್ಯಾಬಿನವರು ಬರೆದುಕೊಟ್ಟ ಕಾಗದ. ಬಿಡುಗಡೆಯ ಹಿಂದಿನ ರಾತ್ರಿ ಡಬ್ಬಗಳು ಅಲ್ಲೇ ಕೂತಿರುತ್ತವೆ. ಆಗ ನಿರ್ಮಾಪಕ ಬೆಂಗಳೂರು-ಕೋಲಾರ-ತುಮಕೂರಿನಂಥ ಚಿನ್ನದ ಏರಿಯಾದ ವಿತರಣೆ ಹಕ್ಕನ್ನು ಸಿಕ್ಕಿದ ರೇಟಿಗೆ ಮಾರಿ ಡಬ್ಬ ಬಿಡಿಸಿಕೊಳ್ಳುತ್ತಾನೆ. ಆಮೇಲೆ ಚಿತ್ರ ನೂರು ದಿನ ಓಡಿದರೂ ಆ ಲಾಭ ಕೊಂಡವನದು. ಗಾಂಧಿನಗರದಲ್ಲಿ ಹೀಗೆ ಮುಳುಗಿದವರಿಗೆ ಲೆಕ್ಕವಿಲ್ಲ. ಅಂಥ ಕಸುಬಿನಲ್ಲಿ ಸಾಲಿಗ್ರಾಮದ ಹೆಣ್ಣುಮಗಳು ಪಾರ್ವತಮ್ಮ ಎಂಬತ್ತರ ಆಸುಪಾಸು ಚಿತ್ರ ತೆಗೆದರು.

ಅಣ್ಣಾವ್ರು ನಾಯಕರಲ್ಲದ ಚಿತ್ರಗಳನ್ನೂ ನೋಡಿ. 1986ರ ‘ಆನಂದ್’ನಲ್ಲಿ ನಾಯಕ, ನಾಯಕಿ ಇಬ್ಬರೂ ಹೊಸಬರು. 1995ರ ‘ಓಂ’ ಅನ್ನು ಎರಡೇ ಚಿತ್ರ ಮಾಡಿದ್ದ ಉಪೇಂದ್ರ ಕೈಗೆ ಕೊಟ್ಟರು. ಮರುವರ್ಷವೇ ರೌಡಿಸಂ ಬಿಟ್ಟು ಹಳ್ಳಿಯ ಪ್ರೇಮಕ್ಕೆ ಹೊರಳಿ, ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯಿಂದ ‘ಜನುಮದ ಜೋಡಿ’. ಗೆದ್ದ ಸೂತ್ರವನ್ನೇ ಮತ್ತೆ ಹಿಡಿಯದೆ ಇರುವುದಕ್ಕೆ ಗುಂಡಿಗೆ ಬೇಕು. ಈ ಮೂರರಲ್ಲೂ ಇದ್ದಂತೆ ಮಗ ಶಿವರಾಜ್‌ಕುಮಾರ್ ನಾಯಕನಾಗಿದ್ದಾಗ ಇನ್ನೂ ಗಟ್ಟಿ ಗುಂಡಿಗೆ ಬೇಕು, ಸೋತರೆ ಹೋಗುವುದು ಹಣ ಮಾತ್ರವಲ್ಲವಲ್ಲ.

ನೀವು ಸಿನಿಮಾವನ್ನು ಬಲ್ಲವರು ಎಂದು ಪತ್ರವೇ ಹೇಳುತ್ತದೆ. ಆದ್ದರಿಂದಲೇ ಬೇಸರ. ಗಂಡಸು ನಿರ್ಮಾಪಕನಾದರೆ ‘ಎದೆಗಾರ’, ಹೆಂಗಸಾದರೆ ‘ಗಂಡನ ಹೆಸರಿನಿಂದ’ ಅನ್ನುತ್ತೇವೆ. 1943ರಲ್ಲೇ ‘ರಾಧಾರಮಣ’ ನಿರ್ಮಿಸಿದ ಎಂ.ವಿ. ರಾಜಮ್ಮನವರನ್ನು ನಟಿ ಎಂದಷ್ಟೇ ನೆನೆಯುತ್ತೇವೆ. ನಾವು ಪತ್ರಿಕೆಯವರೂ ತಪ್ಪಿತಸ್ಥರೇ: ನಾಯಕನ ಹೊಡೆದಾಟಕ್ಕೆ ಪುಟಗಟ್ಟಲೆ ಜಾಗ, ಚಿತ್ರವನ್ನು ತೆರೆಗೆ ತಂದವರಿಗೆ ಕೊನೆಯಲ್ಲಿ ಒಂದು ಸಾಲು.

ಹಳೆಯ ಪ್ರೊಡಕ್ಷನ್ ಲೆಕ್ಕದ ಪುಸ್ತಕ, ಏರಿಯಾ ಒಪ್ಪಂದದ ಕಾಗದ ಹಾಸನದ ಕಡೆ ಯಾರ ಅಟ್ಟದಲ್ಲಾದರೂ ಇದ್ದರೆ ತಿಳಿಸಿ. ಅದಕ್ಕೆ ಪುಟ ಮೀಸಲಿಡುತ್ತೇವೆ.

– ಸಂ.