ಹನ್ನೊಂದು ವರ್ಷ ಒಗ್ಗಿದ ಹೇರ್ ಡೈ ಈಗೇಕೆ ಮುನಿಯಿತು?

ಕೂದಲ ಬಣ್ಣದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಚರ್ಮರೋಗ ತಜ್ಞರ ಉತ್ತರ.

ಪ್ರಶ್ನೆ: ನನಗೆ 46 ವರ್ಷ. ಹನ್ನೊಂದು ವರ್ಷದಿಂದ ಒಂದೇ ಕಂಪನಿಯ ಕಪ್ಪು ಬಣ್ಣ ಹಚ್ಚುತ್ತಿದ್ದೇನೆ, ಏನೂ ಆಗಿರಲಿಲ್ಲ. ಹೋದ ಸಲ ಹಚ್ಚಿದ ಮಾರನೆಯ ದಿನ ಕಿವಿಯ ಹಿಂದೆ ತುರಿಕೆ ಶುರುವಾಯಿತು. ಮೂರನೆಯ ದಿನ ಏಳುವಾಗ ರೆಪ್ಪೆಗಳು ಊದಿ ಕಣ್ಣು ಬಿಡಲಾಗಲಿಲ್ಲ. ನನಗೆ ನಕಲಿ ಪ್ಯಾಕೆಟ್ ಸಿಕ್ಕಿತೇ? ಅಮೋನಿಯಾ ಇಲ್ಲದ ಡೈಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ?

ಪ್ಯಾಕೆಟ್ ಅಸಲಿಯೇ ಇದ್ದೀತು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಇದು ಪಿಪಿಡಿ ಅಲರ್ಜಿ ಎಂಬ ಅನುಮಾನವೇ ಮೊದಲು ಬರುತ್ತದೆ. ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ಉದ್ದ ಹೆಸರಿನ ಗಿಡ್ಡ ರೂಪ ಅದು. ಹೆಚ್ಚಿನ ಗಾಢ ಬಣ್ಣಗಳು ನಿಂತಿರುವುದೇ ಅದರ ಅಥವಾ ಅದರ ನೆಂಟರ ಮೇಲೆ.

ಡೈ ಕಲಸುವಾಗ ಬಟ್ಟಲನ್ನು ಗಮನಿಸಿದ್ದೀರಾ? ಟ್ಯೂಬಿನಿಂದ ಬರುವ ಕ್ರೀಮು ಬೆಳ್ಳಗೆ, ಬೆಣ್ಣೆಯ ಹಾಗೆ ಇರುತ್ತದೆ. ಡೆವಲಪರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಸೇರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ತಾಗುವ ಅಂಚು ಮೊದಲು ಕಂದಾಗಿ, ಆಮೇಲೆ ಇಡೀ ಬಟ್ಟಲೇ ಕಪ್ಪಾಗುತ್ತದೆ. ಇದೇ ಕೆಲಸ ಕೂದಲ ಒಳಗೂ ನಡೆಯಬೇಕು. ಪಿಪಿಡಿಯ ಅಣು ಪುಟ್ಟದು, ಬಣ್ಣವಿಲ್ಲದ್ದು. ಅಮೋನಿಯಾದಂಥ ಕ್ಷಾರ ಕೂದಲ ಮೇಲಿನ ಹುರುಪೆಗಳನ್ನು ಸಡಿಲಿಸಿದಾಗ ಅದು ಒಳಗೆ ನುಸುಳುತ್ತದೆ. ಪೆರಾಕ್ಸೈಡ್ ಸಿಕ್ಕಿದೊಡನೆ ಅಣುಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ, ಬಣ್ಣ ತಾಳಿ, ಹೊರಬರಲಾಗದೆ ಅಲ್ಲೇ ಉಳಿಯುತ್ತವೆ. ಎಷ್ಟು ಸಲ ತಲೆ ತೊಳೆದರೂ ಬಣ್ಣ ಹೋಗದಿರುವುದು ಅದಕ್ಕೇ.

ಆದರೆ ಕೂದಲಿಗೆ ನುಗ್ಗಬಲ್ಲಷ್ಟು ಚಿಕ್ಕ ಅಣು ಚರ್ಮಕ್ಕೂ ನುಗ್ಗಬಲ್ಲದು. ಅಲ್ಲಿ ನಮ್ಮ ರೋಗನಿರೋಧಕ ಕಣಗಳು ಅದನ್ನು ಒಂದಲ್ಲ ಒಂದು ದಿನ ಶತ್ರು ಎಂದು ಗುರುತಿಟ್ಟುಕೊಳ್ಳಬಹುದು. ಆ ದಿನ ಎರಡನೆಯ ಸಲದ ಡೈಗೇ ಬರಬಹುದು, ಇಪ್ಪತ್ತು ವರ್ಷದ ಮೇಲೂ ಬರಬಹುದು. ಒಮ್ಮೆ ಗುರುತಿಟ್ಟುಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಇದು ಹಚ್ಚಿದ ಕೂಡಲೇ ಉರಿಯುವ ಅಲರ್ಜಿಯಲ್ಲ. ಒಂದರಿಂದ ಮೂರು ದಿನ ಬಿಟ್ಟು ಏಳುತ್ತದೆ. ಹಾಗಾಗಿ ಎಷ್ಟೋ ಮಂದಿ ಹಿಂದಿನ ರಾತ್ರಿಯ ಊಟವನ್ನೋ ಹೊಸ ಸೋಪನ್ನೋ ಬೈದುಕೊಂಡು ನಮ್ಮ ಹತ್ತಿರ ಬರುತ್ತಾರೆ. ನೆತ್ತಿಯ ಚರ್ಮ ದಪ್ಪ, ಅಷ್ಟಾಗಿ ತೋರಿಸಿಕೊಳ್ಳುವುದಿಲ್ಲ. ರೆಪ್ಪೆ, ಕಿವಿ, ಹಣೆಯಂಚು, ಕುತ್ತಿಗೆಯೇ ಊದಿಕೊಳ್ಳುವುದು ಹೆಚ್ಚು.

ಅಮೋನಿಯಾ ತೆಗೆದರೆ ಮೂಗಿಗೆ ಸುಖ, ಅಷ್ಟೇ. ಅದರ ಜಾಗದಲ್ಲಿ ಹೆಚ್ಚಾಗಿ ಮೋನೋಎಥನಾಲಮೀನ್ ಎಂಬ ಇನ್ನೊಂದು ಕ್ಷಾರ ಇರುತ್ತದೆ, ಪಿಪಿಡಿ ತನ್ನ ಜಾಗದಲ್ಲೇ ಇರಬಹುದು. 'ಪಿಪಿಡಿ ಇಲ್ಲ' ಎಂದಿರುವುದನ್ನೂ ಕಣ್ಣುಮುಚ್ಚಿ ನಂಬಬೇಡಿ. ಬದಲಿಗೆ ಟಾಲ್ವೀನ್-2,5-ಡೈಅಮೀನ್ ಹಾಕಿರಬಹುದು, ಪಿಪಿಡಿ ಒಗ್ಗದ ಹಲವರಿಗೆ ಅದೂ ಒಗ್ಗದು.

ಸದ್ಯಕ್ಕೆ ಯಾವ ಡೈಯನ್ನೂ ಹಚ್ಚಬೇಡಿ. ಚರ್ಮದ ಡಾಕ್ಟರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಸ್ವಲ್ಪ ಸ್ವಲ್ಪ ಪದಾರ್ಥ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಅಲರ್ಜಿ ಖಚಿತವಾದರೆ ಹಲ್ಲಿನ ಡಾಕ್ಟರಿಗೂ ಆ ವಿಷಯ ಹೇಳಿಡಿ. ಮರಗಟ್ಟಿಸಲು ಬಳಸುವ ಬೆಂಜೋಕೇಯ್ನ್ ಪಿಪಿಡಿಯ ದೂರದ ನೆಂಟ, ಕೆಲವರಿಗೆ ಅದೂ ಆಗುವುದಿಲ್ಲ. ಇನ್ನು ಯಾವತ್ತಾದರೂ ಡೈ ಹಚ್ಚಿದಾಗ ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದಂತಾದರೆ ಫೋನಿನಲ್ಲಿ ಹುಡುಕುತ್ತ ಕೂರಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಉಳಿದ ಓದುಗರಿಗೂ ಒಂದು ಮಾತು. ಪ್ರತಿ ಸಲವೂ 48 ಗಂಟೆ ಮುಂಚೆ ಮೊಣಕೈಯ ಒಳಮಡಿಕೆಯಲ್ಲೋ ಕಿವಿಯ ಹಿಂದೋ ಚೂರು ಹಚ್ಚಿ ನೋಡಿ ಎಂದು ಒಳಗಿನ ಚೀಟಿ ಹೇಳುತ್ತದೆ. 'ನಾನು ಎಷ್ಟೋ ವರ್ಷದಿಂದ ಹಚ್ಚುತ್ತಿದ್ದೇನೆ' ಎನ್ನುವವರೇ ಅದನ್ನು ಬಿಡುವುದು. ಈ ಪ್ರಶ್ನೆ ಕೇಳಿದವರೂ ಹನ್ನೊಂದು ವರ್ಷ ಹಚ್ಚಿದವರೇ.

ಪ್ರಶ್ನೆ: ರಾಸಾಯನಿಕ ಬೇಡವೆಂದು ಹರ್ಬಲ್ ಗೋರಂಟಿ ಪುಡಿಗೆ ಬದಲಾಯಿಸಿದ್ದೇನೆ. ಅರ್ಧ ಗಂಟೆಯಲ್ಲೇ ಕಡುಗಪ್ಪು ಬರುತ್ತದೆ. ಇನ್ನು ಹೆದರಬೇಕಿಲ್ಲ ತಾನೆ?

ಅರ್ಧ ಗಂಟೆಯಲ್ಲಿ ಕಡುಗಪ್ಪು ಬಂತೆಂದರೆ ನನಗೆ ಅಲ್ಲೇ ಅನುಮಾನ. ಗೋರಂಟಿ ಎಲೆಯ ಬಣ್ಣಕ್ಕೆ ಕಾರಣ ಲಾಸೋನ್, ಅದು ಕೊಡುವುದು ಕಿತ್ತಳೆಗೆಂಪು. ಗೋರಂಟಿಯೊಂದೇ ಕಪ್ಪು ಕೊಡಲಾರದು. ನೀಲಿ ಗಿಡದ ಎಲೆಯ ಪುಡಿ ಜೊತೆಗಿದ್ದರೆ ಕಪ್ಪು ಬರುತ್ತದೆ, ಆದರೆ ಅದಕ್ಕೆ ಗಂಟೆಗಟ್ಟಲೆ ಕಾಯುವ ತಾಳ್ಮೆ ಬೇಕು. ಬೇಗ ಕಪ್ಪಾಗುವ ಪುಡಿಯಲ್ಲಿ ಹೆಚ್ಚಾಗಿ ಪಿಪಿಡಿ ಬೆರೆತಿರುತ್ತದೆ. ಪ್ಯಾಕೆಟ್ಟಿನ ಮುಂದೆ ಎಲೆಯ ಚಿತ್ರವಿರುತ್ತದೆ, ಸತ್ಯವೇನಿದ್ದರೂ ಹಿಂಬದಿಯ ಸಣ್ಣಕ್ಷರದಲ್ಲಿ. ಅಲ್ಲಿ ಪದಾರ್ಥಗಳ ಪಟ್ಟಿಯೇ ಇಲ್ಲದಿದ್ದರೆ ಕೊಳ್ಳಬೇಡಿ.

ಕೈಗೆ ಹಾಕುವ 'ಕಪ್ಪು ಮೆಹಂದಿ'ಯೂ ಇದೇ ಸಂತತಿ. ಮಕ್ಕಳಾಗಿದ್ದಾಗ ಅದನ್ನು ಹಾಕಿಸಿಕೊಂಡು ಚರ್ಮ ಗುಳ್ಳೆಯೆದ್ದವರು ದೊಡ್ಡವರಾಗಿ ಮೊದಲ ಡೈಗೇ ಮುಖ ಊದಿಸಿಕೊಳ್ಳುವುದುಂಟು.

ಪ್ರಶ್ನೆ: ಡೈನಿಂದ ಕ್ಯಾನ್ಸರ್ ಬರುತ್ತದೆ ಎಂದು ಒಬ್ಬರು, ಏನೂ ಇಲ್ಲ ಎಂದು ಇನ್ನೊಬ್ಬರು. ಯಾರನ್ನು ನಂಬಲಿ?

ಇಬ್ಬರ ಕೈಯಲ್ಲೂ ಒಂದೊಂದು ತುಂಡು ಸತ್ಯವಿದೆ. 1970ರ ದಶಕದಲ್ಲಿ ಅನೇಕ ಡೈಗಳು ಬ್ಯಾಕ್ಟೀರಿಯಾಗಳ ವಂಶವಾಹಿಯನ್ನು ಕೆಡಿಸುತ್ತವೆ ಎಂದು ಪ್ರಯೋಗಗಳು ತೋರಿಸಿದ ಮೇಲೆ ಹಲವು ಪದಾರ್ಥಗಳನ್ನು ಕೈಬಿಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ವರ್ಷಗಟ್ಟಲೆ ಡೈ ಮುಟ್ಟುವ ಸಲೂನ್ ಕೆಲಸಗಾರರ ವೃತ್ತಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದೆ. ತಮ್ಮ ತಲೆಗೆ ತಾವು ಹಚ್ಚಿಕೊಳ್ಳುವವರ ವಿಷಯದಲ್ಲಿ ಮಾತ್ರ ಹೌದು, ಅಲ್ಲ ಎನ್ನಲು ಸಾಕ್ಷ್ಯ ಸಾಲದು ಎಂದಿದೆ.

ಆಮೇಲೆ ಬಂದ ಎರಡು ದೊಡ್ಡ ಅಧ್ಯಯನಗಳು ಅಮೆರಿಕದವು. 2019ರದು, ಅಕ್ಕತಂಗಿಯರಿಗೆ ಸ್ತನ ಕ್ಯಾನ್ಸರ್ ಬಂದಿದ್ದ 46,709 ಮಹಿಳೆಯರದ್ದು. ಶಾಶ್ವತ ಬಣ್ಣ ಬಳಸಿದವರಲ್ಲಿ ಸ್ತನ ಕ್ಯಾನ್ಸರ್ 9% ಹೆಚ್ಚು ಕಂಡಿತು, ಕಪ್ಪು ವರ್ಣೀಯ ಮಹಿಳೆಯರಲ್ಲಿ 45%. 2020ರದು 1,17,200 ನರ್ಸ್‌ಗಳನ್ನು 36 ವರ್ಷ ಹಿಂಬಾಲಿಸಿತು. ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲವು ಬಗೆಯ ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಮತ್ತು ಒಂದು ಬಗೆಯ ಚರ್ಮದ ಕ್ಯಾನ್ಸರ್‌ನಲ್ಲಿ ಸಣ್ಣ ಏರಿಕೆ ಇತ್ತು. ಅಲ್ಲಿದ್ದವರು ಬಹುತೇಕ ಬಿಳಿಯರು ಎಂಬುದನ್ನೂ ಮರೆಯಬಾರದು. ಇನ್ನು 9% ಹೆಚ್ಚು ಎಂದರೆ ನೂರರಲ್ಲಿ ಒಂಬತ್ತು ಮಂದಿಗೆ ಬಂತು ಎಂದಲ್ಲ. ನೂರು ಮಂದಿಗೆ ಬರುವ ಕಡೆ ನೂರಒಂಬತ್ತು ಮಂದಿಗೆ, ಅಷ್ಟೇ. ಅದಕ್ಕೂ ಡೈಯೇ ಕಾರಣವೆಂದು ಇಂಥ ಅಧ್ಯಯನ ಸಾಬೀತು ಮಾಡಲಾರದು.

ನನ್ನನ್ನು ಕೇಳಿದರೆ, ಎರಡು ತಿಂಗಳಿಗೊಮ್ಮೆ ಹಚ್ಚುವವರು ಕ್ಯಾನ್ಸರ್ ಎಂದು ನಿದ್ದೆಗೆಡಬೇಕಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಬುಡಕ್ಕಷ್ಟೇ ಹಚ್ಚಿದರೆ ಸಾಕು. ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ. ದಿನಕ್ಕೆ ಹತ್ತು ತಲೆಗೆ ಡೈ ಹಚ್ಚುವವರ ಕೈ ನೆನೆದರೇ ನನಗೆ ಹೆಚ್ಚು ಆತಂಕ.

ಪ್ರಶ್ನೆ: ಡೈ ಹಚ್ಚಿದಷ್ಟೂ ನರೆ ಹೆಚ್ಚುತ್ತದಂತೆ, ನಿಜವೇ?

ಇಲ್ಲ. ಕೂದಲು ನರೆಯುವುದು ಚರ್ಮದ ಕೆಳಗಿನ ಬೇರಿನಲ್ಲಿ, ಡೈ ಕೂರುವುದು ಹೊರಬಂದ ಕೂದಲಲ್ಲಿ. ಬುಡದಲ್ಲಿ ಬಿಳಿ, ಮೇಲೆ ಕಪ್ಪು ಅಕ್ಕಪಕ್ಕ ಕಂಡಾಗ ಬಿಳಿಯೇ ಎದ್ದು ಕಾಣುತ್ತದೆ, ಅಷ್ಟೇ.

ಪ್ರಶ್ನೆ: ಬಟ್ಟಲಲ್ಲಿ ಮಿಕ್ಕಿದ ಡೈ ಮುಂದಿನ ತಿಂಗಳಿಗೆ ಇಡಬಹುದೇ? ಅಥವಾ ಹುಬ್ಬಿಗೆ ಹಚ್ಚಲೇ?

ಇಡಬೇಡಿ. ಬಟ್ಟಲಲ್ಲೇ ಕಪ್ಪಾದ ಬಣ್ಣಕ್ಕೆ ಇನ್ನು ಕೂದಲೊಳಗೆ ಹೋಗಲು ಆಗುವುದಿಲ್ಲ. ಮುಚ್ಚಳ ಬಿಗಿದರೆ ಪೆರಾಕ್ಸೈಡ್‌ನಿಂದ ಬರುವ ಆಮ್ಲಜನಕ ತುಂಬಿ ಬಾಟಲಿ ಸಿಡಿಯಲೂಬಹುದು.

ಹುಬ್ಬಿಗಂತೂ ಬೇಡವೇ ಬೇಡ. 1933ರ ಹೊತ್ತಿಗೆ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ರೆಪ್ಪೆಯ ಬಣ್ಣ ಚಾಲ್ತಿಯಲ್ಲಿತ್ತು, ಅದರಲ್ಲಿದ್ದದ್ದು ಇದೇ ಪಿಪಿಡಿ. ಅದರಿಂದ ಮಹಿಳೆಯರು ದೃಷ್ಟಿ ಕಳೆದುಕೊಂಡರು, ಸಾವೂ ಆಯಿತು. 1938ರಲ್ಲಿ ಅಲ್ಲಿ ಸೌಂದರ್ಯವರ್ಧಕಗಳ ಮೇಲೆ ಕಾನೂನು ಬಂದಾಗ ತಲೆಗೂದಲ ಡೈಗೆ ಮಾತ್ರ ರಿಯಾಯಿತಿ ಸಿಕ್ಕಿತು. ಎಚ್ಚರಿಕೆಯ ಮಾತು ಅಚ್ಚು ಹಾಕಿದರೆ ಮಾರಬಹುದು ಎಂದು. ಪ್ಯಾಕೆಟ್ ತಿರುಗಿಸಿ ನೋಡಿ: ಮೊದಲು ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ, ಕುರುಡಾಗಬಹುದು ಎಂಬ ಆ ಮಾತು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ.