ಸಂಪಾದಕರ ಉತ್ತರ: ಫಲ ಅಳೆಯುವ ಕೆಲಸ ಯಾವಾಗ ಶುರುವಾಗಬೇಕು?

ಕೊಪ್ಪಳ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇದು: ‘ನಮ್ಮ ಸಂಸ್ಥೆ ಮೂರು ವರ್ಷದಿಂದ 40 ಹಳ್ಳಿಗಳಲ್ಲಿ 3ರಿಂದ 5ನೇ ತರಗತಿಯ ಮಕ್ಕಳಿಗೆ ಸಂಜೆ ಓದಿನ ಕೇಂದ್ರ ನಡೆಸುತ್ತಿದೆ. ಆರು ತಿಂಗಳಲ್ಲಿ ಈ ಹಂತ ಮುಗಿಯುತ್ತದೆ. ಆಮೇಲೆ ಇನ್ನೂ 60 ಹಳ್ಳಿಗಳಿಗೆ ಹೋಗುವ ಆಲೋಚನೆಯಿದೆ. ಈಗ ಹಣ ಕೊಡುವವರು ಪರಿಣಾಮ ಮೌಲ್ಯಮಾಪನ ಮಾಡಿಸಿ ಎನ್ನುತ್ತಿದ್ದಾರೆ. ಮಕ್ಕಳ ಓದು ಸುಧಾರಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲಸ ಮುಗಿದ ಮೇಲೆ ಬರುವ ವರದಿಯಿಂದ ಯಾರಿಗೆ ಉಪಯೋಗ? ಆ ದುಡ್ಡಿನಲ್ಲಿ ಇನ್ನಷ್ಟು ಕೇಂದ್ರ ತೆರೆಯಬಹುದಲ್ಲವೇ?’

ನಿಮ್ಮ ಬೇಸರದಲ್ಲಿ ನ್ಯಾಯವಿದೆ. ಮಕ್ಕಳನ್ನು ಮೊದಲು ಅಳೆದಿಲ್ಲ, ಹೋಲಿಸಿ ನೋಡಲು ಬೇರೆ ಹಳ್ಳಿಗಳಿಲ್ಲ, ಉಳಿದಿರುವುದು ಆರು ತಿಂಗಳು. ಈ ಸ್ಥಿತಿಯಲ್ಲಿ ಮಾಡಿಸುವ ಅಧ್ಯಯನದಿಂದ ಪರಿಣಾಮ ಎಷ್ಟೆಂದು ತಿಳಿಯುವುದಿಲ್ಲ. ಅದಕ್ಕೆ ಹಣ ಹಾಕಬೇಡಿ ಎಂದೇ ನಾವೂ ಹೇಳುತ್ತೇವೆ. ಆದರೆ ‘ಕಣ್ಣಾರೆ ಕಂಡಿದ್ದೇವೆ’ ಎಂಬ ಮಾತನ್ನು ಹಾಗೆಯೇ ಒಪ್ಪಲಾಗದು. ಮೂರನೇ ತರಗತಿಯ ಮಗು ಐದಕ್ಕೆ ಬರುವಷ್ಟರಲ್ಲಿ ಕೇಂದ್ರ ಇರಲಿ ಬಿಡಲಿ ಒಂದಿಷ್ಟು ಓದು ಕಲಿತೇ ಇರುತ್ತದೆ. ತೀರಾ ಹಿಂದುಳಿದವರನ್ನು ಪರೀಕ್ಷೆಯಿಂದ ಆರಿಸಿಕೊಂಡಿದ್ದರೆ, ಆ ದಿನ ಜ್ವರದಿಂದಲೋ ಹೆದರಿಕೆಯಿಂದಲೋ ಓದಲಾಗದವರೂ ಆ ಗುಂಪಿನಲ್ಲಿ ಸೇರಿರುತ್ತಾರೆ. ಮುಂದಿನ ಸಲ ಅವರ ಅಂಕ ತಾನಾಗಿಯೇ ಏರುತ್ತದೆ. ಕೇಂದ್ರಕ್ಕೆ ಬರುವ ಮಕ್ಕಳನ್ನು ಬಾರದ ಮಕ್ಕಳೊಂದಿಗೆ ಹೋಲಿಸಿದರೂ ಲೆಕ್ಕ ತಪ್ಪುತ್ತದೆ. ದಿನಾ ಸಂಜೆ ಮಗುವನ್ನು ಕಳಿಸುವ ಮನೆಗೆ ಓದಿನ ಬಗ್ಗೆ ಮೊದಲೇ ಕಾಳಜಿ ಇರುತ್ತದೆ. ಕೇಂದ್ರ ಇಲ್ಲದಿದ್ದರೆ ಇದೇ ಮಕ್ಕಳು ಎಷ್ಟು ಓದುತ್ತಿದ್ದರು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಬೇಕಿದ್ದರೆ ಯೋಜನೆ ಶುರುವಾಗುವ ಮೊದಲೇ ಏರ್ಪಾಡು ಆಗಬೇಕು.

ನಿಮ್ಮದೇ ಕ್ಷೇತ್ರದ ಒಂದು ದೀರ್ಘ ಪ್ರಯತ್ನವನ್ನು ನೋಡಿ. ಮೌಲ್ಯಮಾಪನ ಪ್ರತಿ ಹಂತದಲ್ಲೂ ಕೆಲಸವನ್ನೇ ಹೇಗೆ ತಿದ್ದುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿ ಇಲ್ಲ ಎಂದು ನಮ್ಮ ಅಭಿಪ್ರಾಯ. ‘ಪ್ರಥಮ್’ ಸಂಸ್ಥೆ ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ‘ಬಾಲಸಖಿ’ ಕಾರ್ಯಕ್ರಮ ನಡೆಸಿತು. ಸ್ಥಳೀಯ ಯುವತಿಯೊಬ್ಬಳು ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸುತ್ತಿದ್ದಳು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2001ರಿಂದ 2003ರವರೆಗೆ ಇದನ್ನು ಅಳೆದರು: ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಸಿಕ್ಕ ಮತ್ತು ಸಿಗದ ಮಕ್ಕಳನ್ನು ಹೋಲಿಸಿದರು. ಮೊದಲ ವರ್ಷ ಅಂಕ 0.14 ಮಾನಕ ವಿಚಲನೆಯಷ್ಟು ಏರಿತು, ಎರಡನೇ ವರ್ಷ 0.28ರಷ್ಟು. (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆಯೇ ಮಾನಕ ವಿಚಲನೆ. ಶಾಲಾ ಕಾರ್ಯಕ್ರಮಕ್ಕೆ 0.2 ಎಂದರೆ ಒಳ್ಳೆಯ ಫಲ.) ಮಟ್ಟಕ್ಕೆ ತಕ್ಕಂತೆ ಕಲಿಸಿದರೆ ಮಗು ಕಲಿಯುತ್ತದೆ ಎಂಬ ಮೂಲ ವಿಚಾರ ಗಟ್ಟಿಯಾಯಿತು.

ಇಷ್ಟಕ್ಕೇ ನಿಲ್ಲಿಸಿ ದೇಶವೆಲ್ಲ ಹರಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹಳ್ಳಿಯಲ್ಲಿ ಸಂಬಳವಿಲ್ಲದ ಸ್ವಯಂಸೇವಕರಿಂದ ಇದು ಸಾಧ್ಯವೇ ಎಂದು ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಪರೀಕ್ಷಿಸಿದರು. ಗ್ರಾಮಸಭೆಯಲ್ಲಿ ಶಾಲೆಯ ಸ್ಥಿತಿಯನ್ನು ಚರ್ಚಿಸಿದ ಮಾತ್ರಕ್ಕೆ ಕಲಿಕೆಯಲ್ಲಿ ಬದಲಾವಣೆ ಕಾಣಲಿಲ್ಲ. ಸ್ವಯಂಸೇವಕರ ಓದಿನ ಶಿಬಿರಕ್ಕೆ ಬಂದ ಮಕ್ಕಳು ಚೆನ್ನಾಗಿ ಕಲಿತರು, ಆದರೆ ಬಂದವರು ಹಳ್ಳಿಯ ಮಕ್ಕಳಲ್ಲಿ ಶೇ. 8ರಷ್ಟು ಮಾತ್ರ. ಬೋಧನೆ ಸರಿಯಿದೆ, ತಲುಪುವ ದಾರಿ ಸಾಲದು ಎಂಬುದು ಇದರಿಂದ ಗೊತ್ತಾಯಿತು. ಎಲ್ಲ ಮಕ್ಕಳೂ ಸಿಗುವ ಜಾಗ ಸರ್ಕಾರಿ ಶಾಲೆ. ಹಾಗಾಗಿ 2008ರಿಂದ ಬಿಹಾರ ಮತ್ತು ಉತ್ತರಾಖಂಡದಲ್ಲಿ ಸರ್ಕಾರದೊಂದಿಗೆ ಕೆಲಸ ಶುರುವಾಯಿತು. ಬಿಹಾರದ ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಿಕ್ಷಕರೇ ಕಲಿಸಿದಾಗ ಫಲ ಕಂಡಿತು. ಶಾಲೆ ಶುರುವಾದ ಮೇಲೆ ಅದೇ ಸಾಮಗ್ರಿ ಮತ್ತು ತರಬೇತಿಯಿಂದ ಫಲ ಸಿಗಲಿಲ್ಲ. ಪಠ್ಯ ಮುಗಿಸುವುದೇ ತಮ್ಮ ಕೆಲಸ ಎಂದು ಶಿಕ್ಷಕರು ಹಳೆಯ ಕ್ರಮಕ್ಕೆ ಮರಳಿದ್ದರು. ಉತ್ತರಾಖಂಡದಲ್ಲಿ ಸ್ವಯಂಸೇವಕರನ್ನು ಶಾಲೆಯವರು ಮಾಮೂಲಿ ಸಹಾಯಕ ಶಿಕ್ಷಕರಂತೆ ಬಳಸಿಕೊಂಡರು. ಅಲ್ಲಿಯೂ ಫಲವಿಲ್ಲ. ಶಿಕ್ಷಕರಿಗೆ ಕಲಿಸಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಇಲ್ಲಿ ಎಡೆಯೇ ಇಲ್ಲ, ಏಕೆಂದರೆ ಬೇಸಿಗೆಯಲ್ಲಿ ಅವರೇ ಕಲಿಸಿ ತೋರಿಸಿದ್ದರು. ಕೊರತೆ ಇದ್ದದ್ದು ಸಮಯದಲ್ಲಿ, ಮೇಲಿನವರ ಒಪ್ಪಿಗೆಯಲ್ಲಿ.

ಈ ರೋಗನಿದಾನದ ಮೇಲೆ 2012–13ರ ಹರಿಯಾಣ ಪ್ರಯೋಗ ನಿಂತಿತು. ವೇಳಾಪಟ್ಟಿಯಲ್ಲಿ ಪ್ರತ್ಯೇಕವಾಗಿ ಒಂದು ಗಂಟೆ. ಆ ಹೊತ್ತಿನಲ್ಲಿ ತರಗತಿ ಬಿಟ್ಟು ಓದಿನ ಮಟ್ಟದ ಪ್ರಕಾರ ಗುಂಪು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ನಮ್ಮ ಸಿಆರ್‌ಪಿಗಳಂಥ ಮೇಲ್ವಿಚಾರಕರು ಮೊದಲು ತಾವೇ 15–20 ದಿನ ಮಕ್ಕಳಿಗೆ ಕಲಿಸಿ, ಆಮೇಲೆ ಶಿಕ್ಷಕರಿಗೆ ಮಾರ್ಗದರ್ಶನ ಮಾಡಬೇಕು. ಹಿಂದಿಯಲ್ಲಿ 0.15ರಷ್ಟು ಏರಿಕೆ ಬಂತು. ಶಿಕ್ಷಣ ವ್ಯವಸ್ಥೆ ಅಷ್ಟು ಗಟ್ಟಿಯಿಲ್ಲದ ಉತ್ತರ ಪ್ರದೇಶದಲ್ಲಿ 2013–14ರಲ್ಲಿ ಬೇರೆ ಮಾದರಿ ಹಿಡಿದರು: ಸಂಸ್ಥೆಯ ಸಿಬ್ಬಂದಿಯೇ ಶಾಲೆಯೊಳಗೆ 10 ಅಥವಾ 20 ದಿನಗಳ ಶಿಬಿರ ಮಾಡುವುದು, ಬೇಸಿಗೆಯದೂ ಸೇರಿ ಒಟ್ಟು 50 ದಿನ. ಕೊನೆಯಲ್ಲಿ ಶಿಬಿರ ನಡೆದ ಶಾಲೆಗಳ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಒಂದು ಪ್ಯಾರಾ ಅಥವಾ ಕಥೆ ಓದುತ್ತಿದ್ದರು. ನಡೆಯದ ಶಾಲೆಗಳಲ್ಲಿ ಶೇ. 24ರಷ್ಟು. ಜೌನ್‌ಪುರದ ಶೇ. 8 ಎಂಬ ಸಂಖ್ಯೆ ತಿಳಿಯದೆ ಹೋಗಿದ್ದರೆ, ಬಿಹಾರದ ಸೋಲನ್ನು ಅಳೆಯದೆ ಬಿಟ್ಟಿದ್ದರೆ, ಈ ಎರಡು ಮಾದರಿಗಳೂ ಹುಟ್ಟುತ್ತಿರಲಿಲ್ಲ.

ಇನ್ನು ನಿಮ್ಮ 60 ಹಳ್ಳಿಗಳ ವಿಚಾರ. ಒಂದೇ ವರ್ಷದಲ್ಲಿ ಎಲ್ಲ ಕಡೆ ಕೇಂದ್ರ ತೆರೆಯಲು ನಿಮ್ಮಲ್ಲಿ ಜನ ಇಲ್ಲ ಎಂದುಕೊಳ್ಳುತ್ತೇವೆ. ಹೇಗೂ ಎರಡು ಕಂತಿನಲ್ಲಿ ಹೋಗುತ್ತೀರಿ. ಯಾವ 30 ಮೊದಲು ಎಂಬುದನ್ನು ರಸ್ತೆ, ಪರಿಚಯ, ಉತ್ಸಾಹಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನೋಡಿ ನಿರ್ಧರಿಸಬೇಡಿ. ಎಲ್ಲ ಹಳ್ಳಿಯವರನ್ನು ಕರೆದು ಅವರ ಎದುರೇ ಚೀಟಿ ಎತ್ತಿ. ಯಾರಿಗೂ ಕೇಂದ್ರ ತಪ್ಪುವುದಿಲ್ಲ, ಎರಡನೇ 30ಕ್ಕೆ ಮುಂದಿನ ವರ್ಷ ಬರುತ್ತದೆ. ಆ ಒಂದು ವರ್ಷ ಅವು ನಿಮ್ಮ ಹೋಲಿಕೆಯ ಹಳ್ಳಿಗಳು.

ಹಂತ ಹಂತವಾಗಿ ಹರಡುವ ಯೋಜನೆ ಎಂಥ ಪುರಾವೆ ಕೊಡಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ದಾಖಲೆಯಿದೆ. ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆ ಕೊಡಿಸುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ನಿಮ್ಮ ಕೊಪ್ಪಳವೂ ಸೇರಿದ ಕಲಬುರಗಿ ವಿಭಾಗದಲ್ಲಿ ಶುರುವಾಗಿ, ದಕ್ಷಿಣಕ್ಕೆ ಬಂದಿದ್ದು 2012ರಲ್ಲಿ. ಯೋಜನೆ ಬಂದಿದ್ದ ಮತ್ತು ಇನ್ನೂ ಬಾರದಿದ್ದ ಭಾಗಗಳ ಗಡಿಯಲ್ಲಿ, ಯೋಜನೆ ಇದ್ದ ಆಚೆಯ 300, ಇಲ್ಲದ ಈಚೆಯ 272 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬಿಪಿಎಲ್ ಕುಟುಂಬಗಳಲ್ಲಿ, ಯೋಜನೆಯ ಚಿಕಿತ್ಸೆ ಅನ್ವಯಿಸುವ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಅಂಶವೇ ಅಧ್ಯಯನದ ಜೀವಾಳ: ಗಡಿಯ ಆಚೆಯ ಊರುಗಳೇ ಹೆಚ್ಚು ಆರೋಗ್ಯವಾಗಿದ್ದವು ಎಂಬ ಅನುಮಾನಕ್ಕೆ ಅದು ಉತ್ತರ ಕೊಡುತ್ತದೆ. ಅಲ್ಲಿ ಚೀಟಿ ಎತ್ತಿರಲಿಲ್ಲ, ಆದ್ದರಿಂದ ಇಂಥ ಅಡ್ಡಪರೀಕ್ಷೆ ಬೇಕಾಯಿತು. ನೀವು ಚೀಟಿ ಎತ್ತಿದರೆ ಈ ಕಷ್ಟ ಬಹುಪಾಲು ತಪ್ಪುತ್ತದೆ.

ಎಷ್ಟು ಮಕ್ಕಳನ್ನು ಪರೀಕ್ಷಿಸಬೇಕು? ಇಲ್ಲಿಯೇ ಹೆಚ್ಚಿನ ಸಂಸ್ಥೆಗಳು ಎಡವುತ್ತವೆ. ಒಂದೇ ಹಳ್ಳಿಯ ಮಕ್ಕಳಿಗೆ ಅದೇ ಶಾಲೆ, ಅದೇ ಮೇಷ್ಟ್ರು. ಅಂಕಗಳೂ ಪರಸ್ಪರ ಹತ್ತಿರ ಇರುತ್ತವೆ. ಹೊಸ ಮಗುವಿಗಿಂತ ಹೊಸ ಹಳ್ಳಿಯಿಂದ ತಿಳಿಯುವುದು ಹೆಚ್ಚು. ಅಂಕಗಳ ಒಟ್ಟು ವ್ಯತ್ಯಾಸದಲ್ಲಿ ಐದನೇ ಒಂದು ಪಾಲು ಹಳ್ಳಿ–ಹಳ್ಳಿಯ ನಡುವಿನದು ಎಂದಿಟ್ಟುಕೊಳ್ಳಿ. 60 ಹಳ್ಳಿ, ತಲಾ 20 ಮಕ್ಕಳು, ಒಟ್ಟು 1,200. ಎಂದಿನ ನಿಯಮದಂತೆ ಶೇ. 80ರ ಸಾಮರ್ಥ್ಯ (ಫಲ ನಿಜಕ್ಕೂ ಇದ್ದರೆ ನೂರಕ್ಕೆ ಎಂಬತ್ತು ಸಲ ಅದು ಕಾಣಬೇಕು), ಶೇ. 5ರ ಮಿತಿ (ಇಲ್ಲದ ಫಲ ಇದೆ ಎಂದು ತೋರುವುದು ನೂರಕ್ಕೆ ಐದು ಸಲ ಮೀರಬಾರದು) ಇಟ್ಟು ಲೆಕ್ಕ ಹಾಕಿದರೆ, 0.35 ಮಾನಕ ವಿಚಲನೆಗಿಂತ ಚಿಕ್ಕ ಫಲವನ್ನು ಈ ಅಧ್ಯಯನ ನಂಬಿಕೆಯಿಂದ ಹಿಡಿಯಲಾರದು. ತಲಾ 40 ಮಕ್ಕಳನ್ನು ಪರೀಕ್ಷಿಸಿ ಖರ್ಚು ಇಮ್ಮಡಿ ಮಾಡಿದರೂ ಅದು 0.34ಕ್ಕೆ ಇಳಿಯುತ್ತದೆ, ಅಷ್ಟೆ. ಅದೇ 1,200 ಮಕ್ಕಳನ್ನು 120 ಹಳ್ಳಿಗಳಿಂದ ತಲಾ 10ರಂತೆ ತೆಗೆದುಕೊಂಡರೆ 0.27. ನಿಮ್ಮಲ್ಲಿ ಅಷ್ಟು ಹಳ್ಳಿಗಳಿಲ್ಲ. ಆದರೆ ಅದೇ ಮಕ್ಕಳನ್ನು ಮೊದಲೂ ಪರೀಕ್ಷಿಸಿ, ಆ ಅಂಕ ಕೊನೆಯ ಅಂಕದ ವ್ಯತ್ಯಾಸದಲ್ಲಿ ಅರ್ಧವನ್ನು ವಿವರಿಸಿದರೆ 60 ಹಳ್ಳಿಗಳಲ್ಲೇ 0.25ರವರೆಗೆ ಬರಬಹುದು. ಮೊದಲ ಅಳತೆಗೆ ಹಾಕುವ ಹಣ ದಂಡವಲ್ಲ ಎನ್ನುವುದು ಇದಕ್ಕೇ.

ಇದರ ಜೊತೆಗೆ ಹಾಜರಾತಿ. ಹಳ್ಳಿಯ ಅರ್ಧ ಮಕ್ಕಳು ಮಾತ್ರ ಬಂದರೆ ಹಳ್ಳಿಯ ಸರಾಸರಿಯಲ್ಲಿ ಕಾಣುವ ಫಲವೂ ಅರ್ಧ. ಅದನ್ನು ಹಿಡಿಯಲು ನಾಲ್ಕು ಪಟ್ಟು ದೊಡ್ಡ ಅಧ್ಯಯನ ಬೇಕು. ಹಾಜರಾತಿ ಹೆಚ್ಚಿಸುವ ದಾರಿಯನ್ನು ಈಗಿನ 40 ಕೇಂದ್ರಗಳಲ್ಲೇ ಮೊದಲು ಕಂಡುಕೊಳ್ಳದೆ 60ಕ್ಕೆ ಕಾಲಿಡಬೇಡಿ.

ಪರೀಕ್ಷೆ ಒಬ್ಬೊಬ್ಬರಿಗೇ ಆಗಬೇಕು, ಬಾಯಲ್ಲಿ ಓದಿಸಬೇಕು. ಅಕ್ಷರ, ಪದ, ಪ್ಯಾರಾ, ಕಥೆ ಎಂಬ ನಾಲ್ಕೇ ಮೆಟ್ಟಿಲು ಕನ್ನಡಕ್ಕೆ ಸಾಲದು. ನಮ್ಮ ಮಕ್ಕಳು ಬಹಳ ಕಾಲ ಸಿಕ್ಕಿಕೊಳ್ಳುವುದು ಕಾಗುಣಿತದಲ್ಲಿ, ಆಮೇಲೆ ಒತ್ತಕ್ಷರದಲ್ಲಿ. ಅವೆರಡಕ್ಕೂ ಬೇರೆ ಮೆಟ್ಟಿಲು ಇಡದಿದ್ದರೆ, ಮೂಲಾಕ್ಷರದಿಂದ ಕಾಗುಣಿತಕ್ಕೆ ಬಂದ ಮಗು ನಿಮ್ಮ ಪಟ್ಟಿಯಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತದೆ. ಪರೀಕ್ಷಕರು ನಿಮ್ಮ ಕೇಂದ್ರದವರಾಗಿರಬಾರದು, ಒಬ್ಬನೇ ಪರೀಕ್ಷಕ ಎರಡೂ ಬಗೆಯ ಹಳ್ಳಿಗಳಿಗೆ ಹೋಗಬೇಕು, ಹತ್ತರಲ್ಲೊಂದು ಮಗುವನ್ನು ಮೇಲ್ವಿಚಾರಕ ಮತ್ತೆ ಓದಿಸಿ ನೋಡಬೇಕು. ಒಬ್ಬರು ದಿನಕ್ಕೆ 12 ಮಕ್ಕಳನ್ನು ಹುಡುಕಿ ಓದಿಸಿದರೆ 1,200ಕ್ಕೆ 100 ಆಳು-ದಿನ ಬೇಕು. ಹತ್ತು ಜನಕ್ಕೆ ಹತ್ತು ದಿನದ ಕೆಲಸ.

ನಿಮ್ಮ ಭಾಗದಲ್ಲಿ ಗುಳೆಯನ್ನು ಮರೆತು ಈ ಕೆಲಸ ಮಾಡುವಂತಿಲ್ಲ. ಕುಟುಂಬಗಳು ಊರು ಬಿಟ್ಟಿರುವ ತಿಂಗಳಲ್ಲಿ ಕೊನೆಯ ಪರೀಕ್ಷೆ ಇಟ್ಟರೆ ಬಡವರ ಮಕ್ಕಳೇ ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಅದಕ್ಕಿಂತ ದೊಡ್ಡ ತೊಡಕೂ ಇದೆ: ಕೇಂದ್ರ ಇರುವ ಹಳ್ಳಿಯಲ್ಲಿ ‘ಓದು ಕೆಡದಿರಲಿ’ ಎಂದು ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋದರೆ, ಇಲ್ಲದ ಹಳ್ಳಿಯಲ್ಲಿ ಜೊತೆಗೇ ಕರೆದೊಯ್ದರೆ, ಪರೀಕ್ಷೆಗೆ ಸಿಗುವ ಮಕ್ಕಳೇ ಎರಡು ಕಡೆ ಬೇರೆಯಾಗುತ್ತಾರೆ. ಮೊದಲ ಅಳತೆಯಲ್ಲೇ ಗುಳೆಯ ವಿವರ, ಸಂಬಂಧಿಕರ ಫೋನ್ ನಂಬರ್ ಬರೆದುಕೊಳ್ಳಿ. ಶಾಲೆಗೆ ಬಾರದ ಮಗುವನ್ನು ಮನೆಗೆ ಹೋಗಿ ಪರೀಕ್ಷಿಸಿ.

ಕೇಂದ್ರ ನಡೆಯುವಾಗ ತಿಂಗಳಿಗೊಮ್ಮೆ ಹೇಳದೆ ಹೋಗಿ ನೋಡುವ ವ್ಯವಸ್ಥೆ ಇರಲಿ: ಬಾಗಿಲು ತೆರೆದಿತ್ತೇ, ಎಷ್ಟು ಮಕ್ಕಳಿದ್ದರು, ಮಟ್ಟದ ಗುಂಪು ಮಾಡಿದ್ದರೇ. ರಾಜಸ್ಥಾನದ ಉದಯಪುರದಲ್ಲಿ ಉಪಕೇಂದ್ರದ ನರ್ಸ್‌ಗಳ ಹಾಜರಾತಿಗೆ ಸಮಯ ಒತ್ತುವ ಯಂತ್ರ ಕೊಟ್ಟು, ಗೈರಾದರೆ ಸಂಬಳ ಕಡಿತ ಎಂದರು. ಮೊದಲ ತಿಂಗಳುಗಳಲ್ಲಿ ಹಾಜರಾತಿ ಏರಿತು, ವರ್ಷ ದಾಟುವಷ್ಟರಲ್ಲಿ ಆ ಏರಿಕೆ ಉಳಿಯಲಿಲ್ಲ. ದಿನದಿನದ ದಾಖಲೆ ಇದ್ದುದರಿಂದಲೇ ಕಾರಣ ಸಿಕ್ಕಿತು: ಇಲಾಖೆಯೇ ‘ವಿನಾಯಿತಿ ದಿನ’ಗಳನ್ನು ಕೊಡುತ್ತಾ ಹೋಗಿತ್ತು. ಕೊನೆಯ ಅಂಕಿ ಮಾತ್ರ ಇದ್ದಿದ್ದರೆ ದಂಡದಿಂದ ಪ್ರಯೋಜನವಿಲ್ಲ ಎಂದು ಬರೆದು ಮುಗಿಸುತ್ತಿದ್ದರು.

ನಿಮ್ಮಲ್ಲೂ ಫಲ ಸೊನ್ನೆ ಎಂದು ಬಂದರೆ ಇದೇ ಕ್ರಮದಲ್ಲಿ ಹುಡುಕಿ. ಕೇಂದ್ರ ನಿಜಕ್ಕೂ ನಡೆಯಿತೇ? ನಡೆದರೆ ಮಕ್ಕಳು ಬಂದರೇ? ಬಂದರೆ ಮಟ್ಟಕ್ಕೆ ತಕ್ಕಂತೆ ಕಲಿಸಿದರೇ? ಇವೆಲ್ಲಕ್ಕೂ ಹೌದು ಎಂದಾದರೆ ಮಾತ್ರ ವಿಧಾನವನ್ನು ಅನುಮಾನಿಸಿ. ಅದಕ್ಕೂ ಮೊದಲು, ಅಧ್ಯಯನ ಹಿಡಿಯಲಾಗದಷ್ಟು ಚಿಕ್ಕ ಫಲ ಇದ್ದಿರಬಹುದೇ ಎಂದು ಮೇಲಿನ ಲೆಕ್ಕಕ್ಕೆ ಹಿಂದಿರುಗಿ ನೋಡಿ.

ಖರ್ಚಿನ ಲೆಕ್ಕವನ್ನೂ ಮೊದಲ ದಿನದಿಂದ ಕೇಂದ್ರವಾರು ಬರೆದಿಡಿ. ಉದಯಪುರ ಜಿಲ್ಲೆಯದೇ ಇನ್ನೊಂದು ಅಧ್ಯಯನದಲ್ಲಿ, ಏನೂ ಮಾಡದ ಹಳ್ಳಿಗಳಲ್ಲಿ ಶೇ. 6ರಷ್ಟು ಮಕ್ಕಳಿಗೆ ಪೂರ್ಣ ಲಸಿಕೆ ಆಗಿತ್ತು; ನಿಯಮಿತ ಶಿಬಿರದಿಂದ ಶೇ. 18; ಶಿಬಿರದ ಜೊತೆ ಪ್ರತಿ ಸಲ 1 ಕೆ.ಜಿ. ಬೇಳೆ, ಕೊನೆಗೆ ತಟ್ಟೆಗಳ ಸೆಟ್ ಕೊಟ್ಟ ಕಡೆ ಶೇ. 39. ಬೇಳೆಯ ಖರ್ಚು ಸೇರಿದರೂ ಪೂರ್ಣ ಲಸಿಕೆ ಪಡೆದ ಒಂದು ಮಗುವಿಗೆ ತಗುಲಿದ ವೆಚ್ಚ ಸುಮಾರು ಅರ್ಧಕ್ಕೆ ಇಳಿಯಿತು, ಏಕೆಂದರೆ ಶಿಬಿರದ ನರ್ಸ್‌ಗೆ ಕೊಡುವ ಸಂಬಳ ಎಷ್ಟು ಮಕ್ಕಳು ಬಂದರೂ ಅಷ್ಟೇ. ನಿಮ್ಮ ಕೇಂದ್ರದ ಗೌರವಧನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಣ ಕೊಡುವವರಿಗೆ ಈ ವಾರವೇ ಒಂದು ಪತ್ರ ಬರೆಯಿರಿ. ಮೌಲ್ಯಮಾಪನದ ಮೊತ್ತವನ್ನು ಎರಡು ಭಾಗ ಮಾಡಲು ಕೇಳಿ. ಚಿಕ್ಕ ಭಾಗ ಈ ಆರು ತಿಂಗಳಿಗೆ: 40 ಕೇಂದ್ರಗಳ ಹಾಜರಾತಿ, ಕೇಂದ್ರವಾರು ಖರ್ಚು, ಮಕ್ಕಳು ಬಿಟ್ಟುಹೋದ ಕಾರಣ, ಕನ್ನಡ ಓದಿನ ಪರೀಕ್ಷೆಯನ್ನು ಸುಮಾರು 100 ಮಕ್ಕಳ ಮೇಲೆ ಪ್ರಯೋಗಿಸಿ ತಿದ್ದುವುದು. ದೊಡ್ಡ ಭಾಗ 60 ಹಳ್ಳಿಗಳ ಮೊದಲ ಮತ್ತು ಕೊನೆಯ ಅಳತೆಗೆ. ಯಾವ ಫಲ ಬಂದರೆ ವಿಸ್ತರಣೆ, ಯಾವುದು ಬಂದರೆ ತಿದ್ದುಪಡಿ, ಯಾವುದು ಬಂದರೆ ನಿಲುಗಡೆ ಎಂಬುದನ್ನೂ ಇಬ್ಬರೂ ಕೂತು ಮೊದಲೇ ಬರೆದು ಸಹಿ ಹಾಕಿ. ಚೀಟಿ ಎತ್ತುವ ಮುನ್ನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ವಿಷಯ ತಿಳಿಸಿ. ಹೋಲಿಕೆಯ ಹಳ್ಳಿಗಳ ಶಾಲೆಗೆ ಅದೇ ವರ್ಷ ಬೇರೊಂದು ಸಂಸ್ಥೆಯ ಓದಿನ ಕಾರ್ಯಕ್ರಮ ಬರುವುದಿದ್ದರೆ ಅದು ಗೊತ್ತಾಗುವುದು ಅವರ ಕಚೇರಿಯಲ್ಲೇ.