ದಪ್ಪ ತೆನೆ ಕಂಡಿತೆಂದು ಬೀಜಕ್ಕೆ ಇಡಬೇಡಿ

ಅಣ್ಣಾ, ಹೈಬ್ರಿಡ್ ಗೋವಿನಜೋಳಕ್ಕೆ ಮೂರು ಸಲ ಸೆಲ್ಫಿಂಗ್ ಮಾಡಿ, ಅಂದರೆ ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಕೊಟ್ಟು, ಲೈನ್ (ಹಾಗೆ ಬಂದ ಒಂದೊಂದು ವಂಶ) ತೆಗೆದಿದ್ದೀರಿ. ಈಗ ಒಂದೇ ಸಾಲಿನ ಗಿಡಗಳು ಒಂದೊಂದು ಥರ ಇವೆ, ದಪ್ಪ ತೆನೆಯವನ್ನೇ ಆರಿಸಿದರೆ ಇಳುವರಿ ಹೆಚ್ಚುತ್ತದಾ ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿದರೆ, ಈಗಲೇ ತಕ್ಕಡಿ ಹಿಡಿಯಬೇಡಿ.

ಪ್ರತಿ ಸೆಲ್ಫಿಂಗ್‌ಗೂ ಲೈನ್‌ನ ಒಳಗಿನ ವಂಶಗುಣಗಳ ಮಿಶ್ರಣ ಸರಾಸರಿ ಅರ್ಧಕ್ಕೆ ಇಳಿಯುತ್ತದೆ. ಮೂರನೇ ಸಲಕ್ಕೆ ಮೊದಲಿದ್ದದ್ದರ ಶೇ 12.5 ಉಳಿದಿರುತ್ತದೆ, ಆರನೇ ಸಲಕ್ಕೆ ಶೇ 2ಕ್ಕಿಂತ ಕಡಿಮೆ. ಹಾಗಾಗಿ ಸಾಲಿನೊಳಗೆ ಆರಿಸಲು ಈಗ ಇನ್ನೂ ಸ್ವಲ್ಪ ಅವಕಾಶ ಇದೆ. ಆಮೇಲೆ ಒಂದೇ ಲೈನ್‌ನಲ್ಲಿ ಗಿಡ ಹೆಚ್ಚುಕಡಿಮೆ ಕಂಡರೆ ಅದು ಬಹುತೇಕ ಮಣ್ಣು, ನೀರು, ಗೊಬ್ಬರದ ಆಟ. ಆಗ ಆರಿಸಬೇಕಾದದ್ದು ಲೈನ್ ಲೈನ್‌ಗಳ ನಡುವೆ.

ತೆನೆಯ ತೂಕ ಸುಲಭವಾಗಿ ಮೋಸ ಮಾಡುತ್ತದೆ. ಪಕ್ಕದ ಗಿಡ ಸತ್ತಿದ್ದರೆ, ಬದುವಿನ ಕಡೆಯ ಸಾಲಾಗಿದ್ದರೆ ತೆನೆ ಸುಮ್ನೆ ದಪ್ಪ ಆಗುತ್ತದೆ. ಹೂ ಬರುವ ದಿನ, ತೆನೆ ಕೂರುವ ಎತ್ತರ ಇವು ಹಾಗಲ್ಲ, ಮುಂದಿನ ಪೀಳಿಗೆಗೂ ಸಾಕಷ್ಟು ಹಾಗೇ ಬರುತ್ತವೆ. ನಾನಾದರೆ ಮೊದಲು ನೋಡುವುದು ಸೂಲಂಗಿ (ಗಿಡದ ತುದಿಯ ಗಂಡು ಹೂ) ಪರಾಗ ಉದುರಿಸುವ ದಿನಕ್ಕೂ ತೆನೆಯ ಕೂದಲು ಹೊರಬರುವ ದಿನಕ್ಕೂ ಇರುವ ಅಂತರ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ಅಂತರ ಜಾಸ್ತಿಯಾಗಿ ತೆನೆಯಲ್ಲಿ ಕಾಳು ಸರಿಯಾಗಿ ಕಟ್ಟುವುದಿಲ್ಲ. ನಮ್ಮ ಹಾವೇರಿ ಕಡೆ ಮುಂಗಾರು ನಂಬಿ ಬಿತ್ತುವವರಿಗೆ ಇದು ಗೊತ್ತಿರುವ ಸಂಕಟವೇ ಅಲ್ವಾ. ಎಲೆ ಅಂಗಮಾರಿ ಹಿಡಿಯುವ, ಗಾಳಿಗೆ ಬೀಳುವ ಲೈನ್‌ಗಳನ್ನು ಯಾವ ದಯೆಯೂ ಇಲ್ಲದೆ ಕಿತ್ತುಹಾಕಿ.

ಲೈನ್‌ಗಳು ಸೊರಗಿವೆ ಅಂತ ಬೇಜಾರು ಬೇಡ. ಅಮೆರಿಕದ ಸಸ್ಯವಿಜ್ಞಾನಿ ಜಾರ್ಜ್ ಶಲ್ 1908-09ರಲ್ಲೇ ಇದನ್ನು ತೋರಿಸಿದ್ದರು: ಸೆಲ್ಫಿಂಗ್‌ನಿಂದ ಸೊರಗಿದ ಎರಡು ಲೈನ್ ಕೂಡಿಸಿದರೆ ಇಳುವರಿ ಮತ್ತೆ ಏರುತ್ತದೆ. ಲೈನ್‌ನ ಸ್ವಂತ ಇಳುವರಿ ನೋಡಿ ಅದರ ಹೈಬ್ರಿಡ್ ಹೇಗಿರುತ್ತದೆ ಅಂತ ಹೇಳಲಾಗದು. ಆದರೆ ಹೆಣ್ಣು ಸಾಲಾಗಿ (ಹೈಬ್ರಿಡ್ ಬೀಜ ಕಟ್ಟುವ ಸಾಲಾಗಿ) ಬಳಸುವ ಲೈನ್ ತಾನೂ ಒಂದಷ್ಟು ಕಾಳು ಕೊಡಲೇಬೇಕು. ಇಲ್ಲದಿದ್ದರೆ ಬೀಜೋತ್ಪಾದನೆ ಲಾಭಕ್ಕೆ ಬರಲ್ಲ.

ಹಾಗಾಗಿ ಉಳಿದ ಲೈನ್‌ಗಳಿಗೆಲ್ಲ ಒಂದೇ ಗಂಡಿನ (ಪರಾಗ ಕೊಡುವ ತಳಿಯ) ಪರಾಗ ಕೊಡಿ, ಆಗ ಯಾವ ಲೈನ್‌ನ ಹೈಬ್ರಿಡ್ ಮೇಲು ಅಂತ ಹೋಲಿಸಬಹುದು. ಆ ಗಂಡು ನಿಮ್ಮ ಲೈನ್‌ಗಳ ಮೂಲದ್ದಾಗಿರಬಾರದು. ನಮ್ಮಲ್ಲಿ ಸುತ್ತಲೂ ಗೋವಿನಜೋಳವೇ, ಬೇರೆ ಹೊಲದ ಪರಾಗ ತಾಗದಂತೆ 200 ಮೀಟರ್ ಅಂತರ ಸಿಗುವುದು ಕಷ್ಟ. ಕೂದಲು ಹೊರಬರುವ ಮುಂಚೆಯೇ ತೆನೆಗೆ ಕಾಗದದ ಚೀಲ ಕಟ್ಟಿಬಿಡಿ. ಬಂದ ಬೀಜವನ್ನು ಮುಂದಿನ ಹಂಗಾಮಿಗೆ ಹೊಲದ ಮೂರು ಕಡೆ ಬಿತ್ತಿ, ಪಕ್ಕದಲ್ಲಿ ನೀವು ನಂಬಿದ ಹೈಬ್ರಿಡ್ ಒಂದಿರಲಿ. ಅಂಚಿನ ಗಿಡ ಬಿಟ್ಟು, ಕಾಳು ಬಿಡಿಸಿ, ಒಣಗಿಸಿ ತೂಗಿ. ಮೂರೂ ಕಡೆ ಮೇಲೆ ನಿಂತ ಲೈನ್‌ಗಳ ಸೆಲ್ಫಿಂಗ್ ಮಾತ್ರ ಮುಂದುವರಿಸಿ.